ಶುಕ್ರವಾರದ ಕಿವಿಕಲ್ಲುಗಳು

ಆ ಮಂಗಳವಾರ ಬೆಳಗ್ಗೆಯೂ ನಾನು ಮೊದಲು ಮಾಡಿದ ಕೆಲಸ ಬಾಲ್ಕನಿಯ ಹಗ್ಗ ಒರೆಸಿದ್ದು. ಕುವೈತಿನ ಎಣ್ಣೆಬಾವಿಗಳ ಬೆಂಕಿ ಆರಿತೆಂದು ರೇಡಿಯೊ ಹೇಳುತ್ತಿತ್ತು. ಹಗ್ಗಕ್ಕೆ ಅದಿನ್ನೂ ಗೊತ್ತಾಗಿರಲಿಲ್ಲ. ಒದ್ದೆ ಬಟ್ಟೆ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಕಾಡಿಗೆಯ ಹಾಗೆ ಕಪ್ಪಾಗುತ್ತಿತ್ತು. ಆಮೇಲೆ ದೋಸೆ, ಚಹಾ, ಗಂಡನ ಅಂಗಿಗೆ ಇಸ್ತ್ರಿ. ಅವರು ನಮ್ಮ ಬಡಾವಣೆ ಜಾಬ್ರಿಯಾದಲ್ಲೇ ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು, ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ, "ಮಮ್ಮಿ, ಐ ಆಮ್ ಲೇಟ್" ಎಂದು ನನ್ನನ್ನೇ ಗದರಿದಳು.

ಇಬ್ಬರೂ ಹೊರಟ ಮೇಲೆ ಬಾಗಿಲು ತಟ್ಟಿದ್ದು ಅಕ್ಕ. ಮೇಲಿನ ಮಾಳಿಗೆಯವರು. ಎರಡು ಕೈಯಲ್ಲಿ ಎರಡು ಸೀರೆ.

"ಯಾವುದು ಉಡ್ಲಿ, ಹೇಳು."

"ನೀಲಿ. ಕಂದು ಉಟ್ರೆ ಪರೀಕ್ಷೆ ಬರೀಲಿಕ್ಕೆ ಹೋಗುವವರ ಹಾಗೆ ಕಾಣ್ತೀರಿ ಅಕ್ಕ."

"ಇವತ್ತು ಪರೀಕ್ಷೆಯೇ ಅಲ್ವಾ ಮಾರಾಯ್ತಿ!"

ಹಾಗೆಂದು ನಕ್ಕರು. ಆದರೆ ಸೀರೆ ಹಿಡಿದ ಬೆರಳುಗಳು ಅಂಚನ್ನು ಮಡಚುತ್ತಲೇ ಇದ್ದವು.

ಪ್ಯಾರಿಸ್ಸಿನಿಂದ ಅವರ ಪ್ರೊಫೆಸರು ಬಂದಿದ್ದರು. ಜಗತ್ತೇ ತಲೆಬಾಗುವಂಥ ಒಂದು ಸಂಸ್ಥೆಯ ದೊಡ್ಡ ಹೆಸರು. ಯುದ್ಧಕ್ಕೆ ಮುಂಚೆ ಕೊಲ್ಲಿಯ ಸಮುದ್ರ ಹೇಗಿತ್ತು ಎಂಬ ಬಗ್ಗೆ ಕುವೈತ್ ನಗರದ ಶರ್ಕ್‌ನ ಒಂದು ಹೋಟೆಲಿನ ಸಭಾಂಗಣದಲ್ಲಿ ಅವರ ಉಪನ್ಯಾಸ. ಅದರ ಪ್ರಬಂಧ ಆ ವರ್ಷವೇ ಅಚ್ಚಾಗಿತ್ತು. ಟಪಾಲು ಇನ್ನೂ ಸರಿಯಾಗದೆ ಅಕ್ಕನಿಗೆ ಪ್ರತಿ ಸಿಕ್ಕಿರಲಿಲ್ಲ. ಆ ಪ್ರಬಂಧ ಅಕ್ಕನ ಕೆಲಸ, ಅಕ್ಕನ ವರ್ಷಗಳು. ಯುದ್ಧ ಮುಗಿದ ಮೇಲೆ ಇಲ್ಲಿನ ಸಂಶೋಧನಾಲಯ ಅವರನ್ನು ತಾತ್ಕಾಲಿಕವಾಗಿ ಮಾತ್ರ ವಾಪಸು ಕರೆಸಿಕೊಂಡಿತ್ತು. ಹೊಸ ಡೈರೆಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನಿಮ್ಮ ಲ್ಯಾಬೂ ಇಲ್ಲ, ಸಾಮಾನೂ ಇಲ್ಲ. ಪ್ಯಾರಿಸ್ಸಿನ ಪ್ರಬಂಧದಲ್ಲಿ ಹೆಸರಿದ್ದರೆ ಕರಾರು ಮುಂದುವರಿಸೋಣ." ಕರಾರು ಇಲ್ಲವೆಂದರೆ ಇಲ್ಲಿ ಇರಲು ಬೇಕಾದ ಇಕಾಮಾ ಇಲ್ಲ, ಇಕಾಮಾ ಇಲ್ಲವೆಂದರೆ ಊರಿನ ವಿಮಾನ.

"ಮೊದಲನೇ ಹೆಸರು ನಂದೇ ಆಗ್ಬೇಕಂತ ಇಲ್ಲ," ಎಂದರು ಅಕ್ಕ, ನೀಲಿ ಸೀರೆ ಹೆಗಲಿಗೆ ಹಾಕಿ ನನ್ನ ಕಪಾಟಿನ ಕನ್ನಡಿ ನೋಡುತ್ತ. "ಎರಡನೇದ್ದಾದ್ರೂ ಸಾಕು. ನೀನೂ ಬಾ. ನಿನ್ನ ಅಡುಗೆಮನೆಯ ಕಲ್ಲುಗಳೂ ಅಲ್ಲಿ ಉಂಟಲ್ಲ."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ, "ನಿಮ್ಮ ಬಗ್ಗೆ ಬರೀತೇನೆ ಅಕ್ಕ" ಎಂದಾಗ, "ಬರಿ. ಆದ್ರೆ ಹೆಸರು ಹಾಕ್ಬೇಡ. ಇರಬೇಕಾದ ಜಾಗದಲ್ಲಿ ಇಲ್ಲದ್ದು ಬೇರೆ ಕಡೆ ಯಾಕೆ?" ಎಂದಿದ್ದರು. ಇಷ್ಟು ವರ್ಷಗಳ ಮೇಲೆ, ಮೊನ್ನೆ ಊರಿಂದ ಬಂದ ಪೇಪರಿನಲ್ಲಿ ಅವರ ಫೋಟೊ ಇತ್ತು, ಕೆಳಗೆ 'ನಿವೃತ್ತ ಶಿಕ್ಷಕಿ ನಿಧನ' ಎಂದು. ಕುವೈತಿನಿಂದ ಹೋದ ಮೇಲೆ ಕರಾವಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದರು, ನಿಜ. ಶಿಕ್ಷಕಿಯಾಗುವುದು ಸಣ್ಣ ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೂ ಆ ಸಾಲು ಓದಿ ಪೇಪರನ್ನು ಮುದ್ದೆ ಮಾಡಿ ಎಸೆದೆ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಚಂದದ ಕೈಬರಹ, ಕಸೂತಿ ಮತ್ತು ಸಿಟ್ಟು ನುಂಗುವುದನ್ನು ಕಲಿಸಿದ್ದರು. ಮೊದಲಿನೆರಡು ಈಗಲೂ ಬರುತ್ತವೆ.

ಅಕ್ಕ ದೋಣಿಯವರ ಮಗಳು. ಮನೆಮಾತು ತುಳು. ತಂದೆ ಮೀನು ಹಿಡಿದು, ತಾಯಿ ಬುಟ್ಟಿಯಲ್ಲಿ ಹೊತ್ತು ಮಾರಿ ಓದಿಸಿದವರು. ಸ್ಕಾಲರ್‌ಶಿಪ್ಪಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಡಾಕ್ಟರೇಟ್ ಮಾಡಿದರು. ಅಲ್ಲಿ ಬಾಡಿಗೆಗಿದ್ದ ಕೋಣೆಯಲ್ಲಿ ಒಂದು ದಿನ ಒಣ ಸಿಗಡಿ ಹುರಿದಾಗ ಮನೆಯೊಡತಿ ಗ್ಯಾಸ್ ಸೋರುತ್ತಿದೆಯೆಂದು ಮಹಡಿಯವರನ್ನೆಲ್ಲ ಬೀದಿಗಿಳಿಸಿದ್ದಳಂತೆ. "ಚಳಿಯಲ್ಲಿ ಎಲ್ಲರೂ ಗಡಗಡ ನಡುಗ್ತಾ ನಿಂತಿದ್ರು, ನಾನು ಕೂಡ ನಡುಗ್ತಾ ನಿಂತೆ. ಸಿಗಡಿ ಅಂತ ಬಾಯಿ ಬಿಡ್ಲಿಲ್ಲ," ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮದುವೆ ಆಗಿರಲಿಲ್ಲ. ಕಾಟನ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕನ್ನಡಕಕ್ಕೆ ಕಪ್ಪು ದಾರ. ಮೀನಿನ ಕಿವಿರು ಎತ್ತಿ ನೋಡುವಾಗ ಮಾತ್ರ ಕನ್ನಡಕ ಹಣೆಗೇರುತ್ತಿತ್ತು. ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು 'ಡಾಕ್ಟರ್ ಬಾಯ್'; ನಮ್ಮ ಕೊಂಕಣಿಯಲ್ಲಿ ಬಾಯ್ ಎಂದರೆ ಅಕ್ಕ. ಹೊಸಬರು ಜ್ವರಕ್ಕೆ ಮದ್ದು ಕೇಳಿಕೊಂಡು ಬಂದರೆ, "ನಾನು ಮೀನಿನ ಡಾಕ್ಟರು, ನಿಮಗೆ ರೆಕ್ಕೆ ಉಂಟಾ?" ಎನ್ನುತ್ತಿದ್ದರು, ಆಮೇಲೆ ಆಸ್ಪತ್ರೆಯ ದಾರಿ ತೋರಿಸಲು ತಾವೇ ಜೊತೆಗೆ ಹೋಗುತ್ತಿದ್ದರು.

ಮೀನಿನ ತಲೆಯೊಳಗೆ, ಮಿದುಳಿನ ಬುಡದಲ್ಲಿ, ಒಂದು ಜೊತೆ ಬಿಳಿ ಕಲ್ಲುಗಳಿರುತ್ತವೆ. ಕೊಡ್ಡಾಯಿ ಮೀನಿನ ತಲೆ ಚೀಪುವಾಗ ಹಲ್ಲಿಗೆ ಸಿಕ್ಕಿ ಉಗುಳುತ್ತೇವಲ್ಲ, ಅದೇ. ಅಕ್ಕ ಅದನ್ನು ಕಿವಿಕಲ್ಲು ಎನ್ನುತ್ತಿದ್ದರು. ಮರದ ಕಾಂಡದಲ್ಲಿ ಇರುವ ಹಾಗೆ ಅದರಲ್ಲಿ ಉಂಗುರಗಳಿವೆ. ನೀರು ಬಿಸಿಯಾದಾಗ ಒಂದು ಥರ, ತಣ್ಣಗಾದಾಗ ಇನ್ನೊಂದು ಥರ. ಮೀನು ಯಾವ ದಿನ ಸತ್ತಿತೆಂದು ಗೊತ್ತಿದ್ದರೆ ಕೊನೆಯ ಗೆರೆ ಯಾವಾಗ ಬಿತ್ತೆಂದು ಗೊತ್ತಾಗುತ್ತದೆ. ಹಾಗಾಗಿ ಅವರಿಗೆ ಬೇಕಾದದ್ದು ವಾರ ವಾರ ತಪ್ಪದೆ ಬರುವ ಮೀನು. ಸಂಶೋಧನಾಲಯದ ದೋಣಿ ಒಂದು ವಾರ ಹೋದರೆ ಮೂರು ವಾರ ರಿಪೇರಿಯಲ್ಲಿ ಇರುತ್ತಿತ್ತು.

ಆಗ ಅವರ ಕಣ್ಣಿಗೆ ಬಿದ್ದವರು ನಾವು, ಮಂಗಳೂರಿನ ಕ್ರಿಸ್ತುವರು. ಶುಕ್ರವಾರ ಮಾಂಸ ಮುಟ್ಟದೆ ಮೀನು ತಿನ್ನುವ ಹಳೇ ನಿಯಮವನ್ನು ಊರಲ್ಲೇ ಎಷ್ಟೋ ಮಂದಿ ಬಿಟ್ಟಿದ್ದರು; ಪರದೇಶಕ್ಕೆ ಬಂದ ನಾವು ಬಿಟ್ಟಿರಲಿಲ್ಲ. ಶುಕ್ರವಾರ ಇಲ್ಲಿ ರಜೆ, ಇಗರ್ಜಿಯ ಪೂಜೆಯೂ ಅಂದೇ. ಪೂಜೆ ಮುಗಿಸಿ ಮಾರ್ಕೆಟಿಗೆ ಹೋಗಿ ನಮ್ಮ ಕೊಡ್ಡಾಯಿಯ ಜಾತಿಯದೇ ಆದ ನುವೈಬಿ ತರುವುದು ಎಲ್ಲರ ಪದ್ಧತಿ.

"ನಾವು ಸೋಮವಾರ ತಿನ್ನುವುದಿಲ್ಲ, ಸಂಕ್ರಾಂತಿ ತಿನ್ನುವುದಿಲ್ಲ, ನಾಗನಿಗೆ ಹೇಳಿಕೊಂಡರೆ ತಿಂಗಳಿಡೀ ತಿನ್ನುವುದಿಲ್ಲ," ಎಂದರು ಅಕ್ಕ ಮೊದಲ ಸಲ ನನ್ನ ಅಡುಗೆಮನೆಯಲ್ಲಿ ನಿಂತು. "ನೀವಾದ್ರೆ ಶುಕ್ರವಾರ ತಪ್ಪಿಸುವುದೇ ಇಲ್ಲ. ವಿಜ್ಞಾನಕ್ಕೆ ನಿಮ್ಮಂಥವರೇ ಬೇಕು ನೋಡು!"

ಹಾಗೆ ಶುರುವಾಯಿತು. ತಲೆಯನ್ನು ಎಲ್ಲಿ ಸೀಳಬೇಕು, ಹೇಗೆ ಹಿಡಿಯಬೇಕು, ಎಲ್ಲ ತೋರಿಸಿಕೊಟ್ಟರು. ನಾನು ಹುಬ್ಬು ಕೀಳುವ ಚಿಮಟದಿಂದಲೇ ತೆಗೆಯುತ್ತಿದ್ದೆ. ತೊಳೆದು, ಒರೆಸಿ, ಜಪಸರ ಬರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತಾರೀಕು ಬರೆದಿಡಬೇಕು. ಜಾಬ್ರಿಯಾದ ನಮ್ಮ ಬೀದಿಯಲ್ಲಿ, ಆಚೆ ಬೀದಿಯಲ್ಲಿ, ಎಷ್ಟೋ ಅಡುಗೆಮನೆಗಳು ಈ ಕೆಲಸಕ್ಕೆ ಕೂಡಿಕೊಂಡವು. ಎದುರು ಫ್ಲ್ಯಾಟಿನ ಲಿಲ್ಲಿ ಬಾಯ್ ಅಂತೂ, "ನನ್ನ ಗಂಡನ ತಲೆ ಸೀಳಿದ್ರೂ ಇಷ್ಟೇ ಸಿಗ್ತದೆ, ಕಲ್ಲು" ಎನ್ನುತ್ತ ಡಬ್ಬಿ ತಂದುಕೊಡುತ್ತಿದ್ದಳು. ಶನಿವಾರ ಬೆಳಗ್ಗೆ ಅಕ್ಕ ಮನೆಮನೆ ಹತ್ತಿಳಿದು ಒಟ್ಟುಮಾಡುತ್ತಿದ್ದರು. ಪ್ರತಿ ಮನೆಯಲ್ಲೂ ಒಂದು ನಿಮಿಷ ಕೂತು, ಆ ವಾರದ ಕಲ್ಲು ಬೆಳಕಿಗೆ ಹಿಡಿದು, "ನಿನ್ನ ಮೀನಿಗೆ ಎರಡು ವರ್ಷ, ಪಾಪ, ಸಣ್ಣದು" ಎಂದು ಏನಾದರೂ ಹೇಳಿಯೇ ಏಳುವುದು. ಕಲ್ಲು ಕೊಟ್ಟವಳಿಗೆ ಅದು ಏನೆಂದು ಗೊತ್ತಿರಬೇಕು ಎನ್ನುವುದು ಅವರ ಹಟ.

ವರ್ಷಕ್ಕೊಂದು ಶುಕ್ರವಾರ ಮಾತ್ರ ಡಬ್ಬಿಗಳೆಲ್ಲ ಖಾಲಿ. ಗುಡ್ ಫ್ರೈಡೆಯಂದು ನಮಗೆ ಮೀನೂ ಇಲ್ಲ. ಗಂಜಿ, ಚಟ್ನಿ ಅಷ್ಟೇ. "ಯೇಸುವಿಗಾಗಿ ಒಂದು ಸೊನ್ನೆ," ಎಂದು ಅಕ್ಕ ನಗುತ್ತ ಬರೆದುಕೊಳ್ಳುತ್ತಿದ್ದರು.

ತೊಂಬತ್ತರ ಬೇಸಿಗೆಗೆ ಮೊದಲು ಪ್ರತಿ ಜೊತೆಯಿಂದ ಒಂದೊಂದು ಕಲ್ಲನ್ನು, ತಾವು ಮಾಡಿದ ಲೆಕ್ಕಾಚಾರದ ಸಮೇತ, ಪ್ಯಾರಿಸ್ಸಿಗೆ ಕಳಿಸಿದರು. ಸೆಪ್ಟೆಂಬರಿನಲ್ಲಿ ತಾವೇ ಹೋಗಿ ಪ್ರೊಫೆಸರ ಜೊತೆ ಕೂತು ಪ್ರಬಂಧ ಬರೆಯುವುದು ಎಂದು ಮಾತಾಗಿತ್ತು. ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು.

ಆ ದಿನಗಳ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. ನನಗೆ ನೆನಪಿರುವುದು ಒಂದೇ ಒಂದು ಮಧ್ಯಾಹ್ನ. ಊರಿಗೆ ಹೊರಡುವ ಮುಂಚೆ ಲ್ಯಾಬ್ ನೋಡಲೇಬೇಕೆಂದು ಅಕ್ಕ ಹಟ ಹಿಡಿದರು. ನನ್ನ ಗಂಡ ಬೈಯುತ್ತಲೇ ಕಾರು ತೆಗೆದರು. ಸೈನಿಕರು ಫ್ರಿಜ್ಜುಗಳನ್ನು ಲಾರಿಗೆ ಏರಿಸುತ್ತಿದ್ದರು. ಒಳಗೆ ಮೇಜಿನ ಖಾನೆಗಳನ್ನೆಲ್ಲ ಬೋರಲು ಹಾಕಿದ್ದರು. ನೆಲದ ತುಂಬ ಡಬ್ಬಿಗಳು, ಕಲ್ಲುಗಳು. ಬೂಟಿನಡಿ ಕಲ್ಲುಸಕ್ಕರೆ ಪುಡಿಯಾದ ಹಾಗೆ ಸದ್ದು. ಅಕ್ಕ ಮಂಡಿಯೂರಿ ಸಿಕ್ಕಷ್ಟು ಬಳಿದು ಸೆರಗಿನಲ್ಲಿ ಗಂಟು ಕಟ್ಟಿಕೊಂಡರು.

ಆ ಗಂಟೂ ಉಳಿಯಲಿಲ್ಲ. ಬಸ್ರಾದ ದಾರಿಯಲ್ಲಿ ತಪಾಸಣೆಗೆ ಇಳಿಸಿದಾಗ ಒಬ್ಬ ಸೈನಿಕ ಬಿಚ್ಚಿ ನೋಡಿ, ಕಲ್ಲು ಎಂದುಕೊಂಡು ಮರಳಿಗೆ ಎಸೆದ. ನಾನು ಅತ್ತೆ. ಅಕ್ಕ ಅಳಲಿಲ್ಲ. ಬಸ್ಸಿನೊಳಗೆ ನನ್ನ ಕೈ ಹಿಡಿದು, "ಪ್ಯಾರಿಸ್ಸಲ್ಲಿ ಒಂದು ಪಾಲು ಭದ್ರ ಉಂಟು, ಹೆದರ್ಬೇಡ. ಅಲ್ಲಿ ಓದಿದವರ ಕೈಯಲ್ಲಿ ಉಂಟು" ಎಂದರು. ಅಮ್ಮಾನಿನ ನಿರಾಶ್ರಿತರ ಶಿಬಿರದಿಂದ ಅವರು ಕಳಿಸಿದ ಮೊದಲ ತಂತಿ ಮನೆಗಲ್ಲ, ಪ್ರೊಫೆಸರಿಗೆ: ಬದುಕಿದ್ದೇನೆ, ಪ್ರಬಂಧಕ್ಕೆ ನನಗಾಗಿ ಕಾಯಿರಿ. ಮಂಗಳೂರಿನ ವಿಳಾಸಕ್ಕೆ ಉತ್ತರವೂ ಬಂತು. ನೀವು ಬದುಕಿರುವುದು ತಿಳಿದು ನಮ್ಮ ಇಡೀ ವಿಭಾಗಕ್ಕೆ ಅತೀವ ಸಂತೋಷವಾಗಿದೆ ಎಂದಿತ್ತು.

ಶರ್ಕ್‌ನ ಆ ಸಭಾಂಗಣದಲ್ಲಿ ಪ್ರತಿ ಕುರ್ಚಿಯ ಮೇಲೂ ಪ್ರಬಂಧದ ಪ್ರತಿ ಇಟ್ಟಿದ್ದರು. ನುಣುಪಾದ ಕಾಗದ, ಮೇಲೆ ಸಂಸ್ಥೆಯ ಮುದ್ರೆ. ಅಕ್ಕ ಕೂರದೆ, ನಿಂತೇ ಮೊದಲ ಪುಟ ನೋಡಿದರು. ಹೆಸರುಗಳ ಸಾಲಿನ ಮೇಲೆ ಅವರ ಹೆಬ್ಬೆರಳು ನಿಧಾನವಾಗಿ ಸರಿಯಿತು. ಕೊನೆಯ ಪುಟ ತೆಗೆದರು. ಮತ್ತೆ ಮೊದಲ ಪುಟ. ಆಮೇಲೆ ಸೀರೆ ನೆರಿಗೆ ಸರಿಮಾಡಿಕೊಂಡು ಕೂತರು.

ನಾನೂ ನೋಡಿದೆ. ಎಲ್ಲ ಫ್ರೆಂಚ್ ಹೆಸರುಗಳು. ಕೊನೆಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ: ಮಾದರಿಗಳನ್ನು ಒದಗಿಸಿದ ಸ್ಥಳೀಯ ಮೀನುಗಾರರಿಗೆ ಕೃತಜ್ಞತೆಗಳು.

ಸ್ಥಳೀಯ ಮೀನುಗಾರರು! ಲಿಲ್ಲಿ ಬಾಯ್, ನಾನು, ಆಚೆ ಬೀದಿಯ ನರ್ಸುಗಳು, ಸಿಂಕಿನ ಮುಂದೆ ಚಿಮಟ ಹಿಡಿದು ನಿಂತ ನಾವೆಲ್ಲ. ನನ್ನ ಕಿವಿ ಬಿಸಿಯಾಯಿತು. ಅಕ್ಕನ ಮುಖ ನೋಡಲಾಗದೆ ಪ್ರೊಫೆಸರನ್ನೇ ನೋಡುತ್ತಿದ್ದೆ. ಬೆಳ್ಳಿ ಕೂದಲು, ಜೇಬಿನಲ್ಲಿ ಮೂರು ಮೂಲೆ ಕಾಣುವ ಹಾಗೆ ಮಡಿಸಿದ ರೇಷ್ಮೆ ಕರ್ಚೀಫು, ಮಾತಿನ ನಡುವೆ ನೀರು ಕುಡಿದು ತುಟಿ ಒತ್ತಿಕೊಳ್ಳುವ ನಾಜೂಕು. ಪರದೆಯ ಮೇಲೆ ಒಂದು ಕಿವಿಕಲ್ಲು ಚಂದ್ರನಷ್ಟು ದೊಡ್ಡದಾಗಿ, ಉಂಗುರ ಉಂಗುರವಾಗಿ ಹೊಳೆಯಿತು. ಜನ ಆಹಾ ಎಂದರು. ಆಮೇಲೆ ಅವರ ಸಂಸ್ಥೆ ವರ್ಷಕ್ಕೆ ಎಷ್ಟು ಪ್ರಬಂಧ ಹೊರತರುತ್ತದೆ, ಅವುಗಳಲ್ಲಿ ಇದಕ್ಕೆ ಎಂಥ ಸ್ಥಾನ, ಎಂದೆಲ್ಲ ಹೇಳಿದರು. "ನಾವು ರೂಪಿಸಿದ ಸಾಪ್ತಾಹಿಕ ಪದ್ಧತಿ" ಎಂದರು. ನಾವು ರೂಪಿಸಿದ! ನಮ್ಮ ಅಜ್ಜಿಯರು ಕೊಟ್ಟ ಉಪವಾಸದ ನಿಯಮ, ಅಕ್ಕನ ತಲೆಯಲ್ಲಿ ಹೊಳೆದ ಉಪಾಯ.

ಆಮೇಲೆ ಒಂದು ನಕ್ಷೆ. ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲಿನಲ್ಲೋ ಒಂದು ವಾರ ಖಾಲಿ. ಕೋಲಿನಿಂದ ಆ ಖಾಲಿಯನ್ನು ಮುಟ್ಟಿ ಪ್ರೊಫೆಸರು ವಿವರಿಸಿದರು: ಕೊಲ್ಲಿಯಲ್ಲಿ ವಸಂತಕಾಲದ ಬಿರುಗಾಳಿ, ದೋಣಿಗಳು ಹೊರಡುವುದಿಲ್ಲ. ಕುತೂಹಲದ ವಿಷಯವೆಂದರೆ ಈ ಬಿರುಗಾಳಿ ಪ್ರತಿ ವರ್ಷವೂ ಹುಣ್ಣಿಮೆಯ ಆಸುಪಾಸಿನಲ್ಲೇ ಬರುವಂತಿದೆ. ಚಂದ್ರನಿಗೂ ಗಾಳಿಗೂ ಇರುವ ಈ ಸಂಬಂಧದ ಬಗ್ಗೆ ಮುಂದೆ ಸಂಶೋಧನೆ ಆಗಬೇಕಿದೆ.

ಅಕ್ಕ ಎದ್ದು ನಿಂತರು. ಕನ್ನಡಕ ಹಣೆಗೇರಿತ್ತು.

"ಅದು ಬಿರುಗಾಳಿ ಅಲ್ಲ," ಎಂದರು, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ. "ಗುಡ್ ಫ್ರೈಡೆ. ಅದು ಹುಣ್ಣಿಮೆಯ ಲೆಕ್ಕದಲ್ಲೇ ಬರುತ್ತದೆ. ಈ ಕಲ್ಲುಗಳು ಬಂದದ್ದು ಮಂಗಳೂರಿನ ಕ್ಯಾಥೊಲಿಕ್ ಹೆಂಗಸರ ಅಡುಗೆಮನೆಗಳಿಂದ. ಅವತ್ತು ಅವರು ಗಂಜಿ ಕುಡಿಯುತ್ತಾರೆ. ಅದನ್ನು ನಾನು ನಿಮಗೆ ಕಳಿಸಿದ ಟಿಪ್ಪಣಿಯಲ್ಲೇ ಬರೆದಿದ್ದೆ."

ಸಭೆ ಗೊಳ್ಳೆಂದು ನಕ್ಕಿತು. ಪ್ರೊಫೆಸರು ಎಲ್ಲರಿಗಿಂತ ಜೋರಾಗಿ ನಕ್ಕರು. "ಹಾಗಾದರೆ ನಾವು ಚರ್ಚಿಗೂ ಕೃತಜ್ಞತೆ ಹೇಳಬೇಕಿತ್ತು!" ಎಂದರು. ಮತ್ತೆ ನಗು. ಚಪ್ಪಾಳೆ ಕೂಡ. ಇಗರ್ಜಿಗಳ ದೇಶದಿಂದ ಬಂದವರು, ಗುಡ್ ಫ್ರೈಡೆಯನ್ನು ಚಂಡಮಾರುತ ಮಾಡಿ ಅಚ್ಚು ಹಾಕಿಸಿದವರು, ನಾಚಲಿಲ್ಲ. ನಾಚಿ ತಲೆ ತಗ್ಗಿಸಿ ಕೂತವಳು ನಾನು, ಯಾಕೆಂದು ಈಗಲೂ ತಿಳಿಯದು.

ಚಹಾದ ಹೊತ್ತಿಗೆ ಪ್ರೊಫೆಸರೇ ಬಂದು ಅಕ್ಕನ ಕೈಗೆ ಮುತ್ತಿಟ್ಟರು. ಅಕ್ಕ ಕೈ ಹಿಂದೆ ತೆಗೆದುಕೊಂಡು ಕೇಳಿದ್ದು ಒಂದೇ ಮಾತು: "ನನ್ನ ಹೆಸರೆಲ್ಲಿ?"

"ಕರಡು ಕಳಿಸಿ ನಿಮ್ಮ ಸಹಿ ಕೇಳಿದ್ದೆವಲ್ಲ. ಕುವೈತಿಗೆ, ಸೆಪ್ಟೆಂಬರಿನಲ್ಲಿ. ಉತ್ತರ ಬರಲಿಲ್ಲ. ಸಹಿ ಇಲ್ಲದೆ ಹೆಸರು ಹಾಕಲು ನಮ್ಮ ಸಂಸ್ಥೆಯಲ್ಲಿ ನಿಯಮವಿಲ್ಲ."

"ಸೆಪ್ಟೆಂಬರಿನಲ್ಲಿ ಕುವೈತಿಗೆ ಟಪಾಲು ಇತ್ತಾ? ಮಂಗಳೂರಿಗೆ ಬರೆದಿರಲ್ಲ, ಆವಾಗ ಕೇಳಬಹುದಿತ್ತು."

"ಅಷ್ಟರಲ್ಲಿ ಅದು ಮುದ್ರಣಕ್ಕೆ ಹೋಗಿತ್ತು," ಎಂದು ಭುಜ ಕುಣಿಸಿದರು. ಪಕ್ಕದಲ್ಲಿ ಬಂದು ನಿಂತ ಡೈರೆಕ್ಟರಿಗೆ ತಾವೇ ಪರಿಚಯ ಮಾಡಿಸಿದರು: "ನನ್ನ ಹಳೆಯ ವಿದ್ಯಾರ್ಥಿನಿ. ಮಾದರಿ ಸಂಗ್ರಹಿಸುವುದರಲ್ಲಿ ತುಂಬ ಶ್ರದ್ಧೆ."

ಮಾದರಿ ಸಂಗ್ರಹ. ಡೈರೆಕ್ಟರು ಬಿಸ್ಕತ್ತು ಮುರಿಯುತ್ತ ತಲೆಯಾಡಿಸಿದರು. "ಈಗ ಸಮುದ್ರದ ತುಂಬ ಎಣ್ಣೆ. ಮಾದರಿ ತರಲು ಪ್ಯಾರಿಸ್ಸಿನವರದ್ದೇ ತಂಡ ಬರುತ್ತದೆ. ಕರಾರು ಖಲಾಸ್, ಡಾಕ್ಟರ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದರು. ಸಕ್ಕರೆ ಬೇಕೇ ಎಂದು ಕೇಳುವ ದನಿಯಲ್ಲೇ.

ಮರಳಿಗೆ ಎಸೆದ ಸೈನಿಕನನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ. ಅವನು ಅದು ಬರೀ ಕಲ್ಲು ಎಂದುಕೊಂಡಿದ್ದ. ಇವರಿಗೆ ಅದು ಏನೆಂದು ಗೊತ್ತಿತ್ತು, ಯಾರದೆಂದು ಗೊತ್ತಿತ್ತು. ಅಕ್ಕ ಬದುಕಿದ್ದಾರೆಂದು ತಿಳಿದು ಸಂತೋಷಪಟ್ಟವರು, ಬದುಕಿದ್ದವರಿಗೆ ಹೆಸರೊಂದು ಇರುತ್ತದೆಂಬುದನ್ನು ಮರೆತವರಲ್ಲ, ಆ ಹೆಸರೇ ಬೇಡವೆಂದವರು.

ಬಸ್ಸಿನಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ. ಕೊಂಕಣಿಯಲ್ಲಿ ಬೈದೆ, ಅದು ಸಾಲದೆ ತುಳುವಿನಲ್ಲಿ ಬೈದೆ. ಮುಂದಿನ ಸೀಟಿನ ಪಠಾಣ ತಿರುಗಿ ನೋಡಿದ. ಕಳ್ಳ ಎಂದೆ. ರೇಷ್ಮೆ ಕರ್ಚೀಫಿನ ಕಳ್ಳ ಎಂದೆ. ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ, "ಎಲ್ಲ ನೀನೇ ಬೈದು ಮುಗಿಸ್ಬೇಡ ಮಾರಾಯ್ತಿ," ಎಂದರು. "ನನಗೂ ಸ್ವಲ್ಪ ಉಳಿಸು."

ಜಾಬ್ರಿಯಾದಲ್ಲಿ ಇಳಿದೆವು. ಕಟ್ಟಡದ ಮೆಟ್ಟಿಲ ಬಳಿ ನನ್ನ ಕೆನ್ನೆ ತಟ್ಟಿ, ರೇಲಿಂಗ್ ಹಿಡಿದು, ತಮ್ಮ ಮಾಳಿಗೆಗೆ ಹತ್ತಿ ಹೋದರು. ಯಾವಾಗಲೂ ಎರಡೆರಡು ಮೆಟ್ಟಿಲು ಹಾರುವವರು ಅಂದು ಒಂದೊಂದಾಗಿಯೇ ಹತ್ತಿದರು.

ನಾನು ಕೀಲಿಕೈ ಹುಡುಕುತ್ತಿದ್ದಾಗ ಲಿಲ್ಲಿ ಬಾಯ್ ಎದುರು ಬಾಗಿಲಲ್ಲಿ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಪ್ರೊಫೆಸರು, ಹೆಸರು, ಮೀನುಗಾರರು, ಖಲಾಸ್.  ಅವಳು ಚ್ಚುಚ್ಚು ಎಂದಳು. ಹಳದಿ ಎಲೆಯೊಂದನ್ನು ಆರಿಸಿ ಪಕ್ಕಕ್ಕಿಟ್ಟಳು.

"ಪಾಪ ಡಾಕ್ಟರ್ ಬಾಯ್," ಎಂದಳು. "ಅಲ್ಲ, ಹಾಗಾದ್ರೆ ಅವರ ಫ್ಲ್ಯಾಟ್ ತಿಂಗಳ ಕೊನೆಗೆ ಖಾಲಿ ಆಗ್ಬಹುದಾ? ನನ್ನ ತಮ್ಮನ ವೀಸಾ ಬಂದಿದೆ, ಸ್ವಲ್ಪ ಕೇಳಿ ನೋಡು. ಅಡುಗೆಮನೆ ಎಷ್ಟು ದೊಡ್ಡದುಂಟು ಅಲ್ಲಿ. ಒಬ್ಬಳೇ ಹೆಂಗಸಿಗೆ ಅಷ್ಟು ದೊಡ್ಡ ಅಡುಗೆಮನೆ ಎಂತಕ್ಕಿತ್ತೋ ಏನೋ."